ಗುರುಲಿಂಗವ್ವನ ಅಂಬಲಿಗೆ ಬಿದ್ದ ಅಂಕ

ಸೋಲು ಎಂಬುದು ಹೇಗಿರುತ್ತದೆಂದು ಇಳಕಲ್ಲಿನ ಗುರುಲಿಂಗವ್ವನಿಗೆ ಅರವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಆಕೆ ಬರೆದ ರಂಗೋಲಿಯ ನವಿಲಿಗೆ ಕೋಳಿಯ ಕಾಲು ಮೂಡಿದರೂ ಮೊದಲ ಬಹುಮಾನ ಆಕೆಗೇ. ವಚನ ಹಾಡುವಾಗ ಆರಂಭ ಒಂದು ಶ್ರುತಿಯಲ್ಲಿ, ಮುಕ್ತಾಯ ಇನ್ನೊಂದರಲ್ಲಿ ಆದರೂ ಮೊದಲ ಬಹುಮಾನ ಆಕೆಗೇ. ಹುನಗುಂದದಲ್ಲಿ ಹೂಮಾಲೆ ಕಟ್ಟಿ ಗೆದ್ದಳು, ಬಾದಾಮಿಯಲ್ಲಿ ಒಗಟು ಬಿಡಿಸಿ ಗೆದ್ದಳು. ಆ ಒಗಟಿನ ಉತ್ತರವನ್ನು ನಿರ್ಣಾಯಕರೇ ಮೆಲ್ಲಗೆ ಹೇಳಿಕೊಟ್ಟಿದ್ದರು. ಪಡಸಾಲೆಯ ಗಾಜಿನ ಕಪಾಟು ಬಹುಮಾನದ ಢಾಲುಗಳಿಂದ ತುಂಬಿ, ಉಳಿದವು ಅಡಿಗೆಮನೆಯ ಅಟ್ಟ ಏರಿದ್ದವು.

ಇದಕ್ಕೆಲ್ಲ ಕಾರಣ ಆಕೆಯ ಗಂಡ ಶಂಕ್ರಪ್ಪನ ಸೀರೆ ಅಂಗಡಿ. ಸುತ್ತಲಿನ ಮೂರು ತಾಲ್ಲೂಕುಗಳಲ್ಲಿ ಯಾವ ಮಹಿಳಾ ಮಂಡಳ ಏನು ನಡೆಸಿದರೂ ಮೊದಲ ಬಹುಮಾನದ ಇಳಕಲ್ಲ ಸೀರೆ ಆತನದೇ. ಬ್ಯಾನರಿನಲ್ಲಿ ದೇವರಿಗಿಂತ ಒಂದು ಗೇಣು ಕೆಳಗೆ, ಮಂಡಳದ ಅಧ್ಯಕ್ಷೆಗಿಂತ ಒಂದು ಗೇಣು ಮೇಲೆ ಶಂಕ್ರಪ್ಪ ನಗುತ್ತಿದ್ದ. ಹೀಗಾಗಿ ಸೀರೆ ಅಂಗಡಿಯಿಂದ ಹೊರಟು, ವೇದಿಕೆ ಸುತ್ತಿ, ಚಪ್ಪಾಳೆ ಹೊಡೆಸಿಕೊಂಡು, ಸಂಜೆಗೆ ಅದೇ ಮನೆಗೆ ಮರಳುತ್ತಿತ್ತು. ಶಂಕ್ರಪ್ಪನಷ್ಟು ಕಡಿಮೆ ಖರ್ಚಿನಲ್ಲಿ ದಾನಿ ಎನಿಸಿಕೊಂಡವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಈ ಸೀರೆಯನ್ನು ಕ್ಷೇಮವಾಗಿ ಮನೆ ಮುಟ್ಟಿಸುವ ಹೊಣೆ ಹುನಗುಂದದ ತಿಮ್ಮಣ್ಣನದು. ನಿವೃತ್ತ ಗುಮಾಸ್ತ, ನಿರ್ಣಾಯಕನಾಗುವುದೇ ಆತನ ಉಳಿದ ಜೀವನದ ಉದ್ಯೋಗ. ಕುಸ್ತಿಯಿಂದ ಕಸೂತಿಯವರೆಗೆ ಆತ ನಿರ್ಣಯಿಸದ ವಿದ್ಯೆ ಇರಲಿಲ್ಲ, ಬಲ್ಲ ವಿದ್ಯೆಯೂ ಇರಲಿಲ್ಲ.

ಮೂವತ್ತು ವರ್ಷ ಗುರುಲಿಂಗವ್ವ ಇದನ್ನೆಲ್ಲ ತನ್ನ ಕೈಗುಣವೆಂದೇ ನಂಬಿದ್ದಳು. ಆ ನಂಬಿಕೆ ಮುರಿದದ್ದು ಒಂದು ವಚನ ಗಾಯನ ಸ್ಪರ್ಧೆಯಿಂದ. ಸ್ಪರ್ಧೆಯ ದಿನ ಕಲಾದಗಿಯಲ್ಲಿ ಆಕೆಯ ಸೋದರತ್ತೆ ತೀರಿಕೊಂಡು, ಆಕೆ ಮಣ್ಣಿಗೆ ಹೋಗಿದ್ದಳು. ಮರುದಿನ ಮನೆಗೆ ಬಂದರೆ ಪಡಸಾಲೆಯ ಮೇಜಿನ ಮೇಲೆ ಢಾಲು, ಅದರ ಪಕ್ಕದಲ್ಲಿ ಸೀರೆ! ತಿಮ್ಮಣ್ಣ ಸಮಾರೋಪ ಭಾಷಣದಲ್ಲಿ, "ಗುರುಲಿಂಗವ್ವನವರ ಧ್ವನಿಯಲ್ಲಿ ಈ ಸಲ ಭಾವ ಹೆಚ್ಚು ತುಂಬಿತ್ತು," ಎಂದಿದ್ದನಂತೆ.

ಢಾಲನ್ನು ಸೆರಗಿನಲ್ಲಿ ಸುತ್ತಿಕೊಂಡು ಆಕೆ ಎದುರುಮನೆಯ ಹಜರತಬಿಯ ಹತ್ತಿರ ಹೋದಳು. ಹಜರತಬಿ ಸೀರೆಗೆ ಕುಚ್ಚು ಕಟ್ಟುವ, ಫಾಲ್ ಹಚ್ಚುವ ಅಂಗಡಿ ಇಟ್ಟವಳು. ಮೂವತ್ತು ವರ್ಷದ ಗೆಳತಿ. ಎಲ್ಲ ಸ್ಪರ್ಧೆಗಳಲ್ಲೂ ಎರಡನೆಯವಳು.

"ಹಜರತಬಿ, ಖರೇ ಹೇಳು. ನಾ ನಿನ್ನೆ ಹಾಡಿದ್ನೇನು?"

"ಹಾಡಿದ್ರಲ್ಲಕ್ಕಾ. ಭಾಳ ಛಲೋ ಹಾಡಿದ್ರಿ. ಖರೇ ಹೇಳಬೇಕಂದ್ರ, ನಿನ್ನೆ ಹಾಡಿದ್ದ ಉಳಿದ ಎಲ್ಲಾ ಸಲಕ್ಕಿಂತ ಛಲೋ ಇತ್ತು."

ಗುರುಲಿಂಗವ್ವ ನಗಲಿಲ್ಲ. ಹಜರತಬಿ ದಾರ ಕಚ್ಚಿ ಕತ್ತರಿಸಿ, "ಸಿಟ್ಟಾಗಬ್ಯಾಡ್ರಿ ಅಕ್ಕಾ. ಬ್ಯಾನರಿನಾಗ ನಿಮ್ಮ ಯಜಮಾನ್ರ ಮುಖ ಇರೋತನಕ ನಾವು ಮನಿಯಿಂದ ಹೊಂಡೂದ ಎರಡನೇ ಬಹುಮಾನಕ್ಕಂತ," ಎಂದಳು.

ಅಂದಿನಿಂದ ಗುರುಲಿಂಗವ್ವನಿಗೆ ಕಪಾಟಿನ ಕಡೆ ನೋಡಲು ಆಗಲಿಲ್ಲ. ರಂಗೋಲಿ ಹೋಗಲಿ, ಹಾಡು ಹೋಗಲಿ, ಆದರೆ ಅಂಬಲಿ? ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ಹುಳಿಗೆ ಬಿಟ್ಟು, ಕುದಿಸಿ, ಆರಿಸಿ, ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ ಜೀರಿಗೆ ಜಜ್ಜಿ ಹಾಕುವ ಆಕೆಯ ಅಂಬಲಿಯನ್ನು ಮನೆಗೆ ಬಂದವರೆಲ್ಲ ಹೊಗಳಿಯೇ ಕುಡಿದಿದ್ದರು. ಹಾಗೆ ಹೊಗಳಿದವರಲ್ಲಿ ಎಷ್ಟು ಮಂದಿಗೆ ಗಂಡನ ಅಂಗಡಿಯಲ್ಲಿ ಉದ್ರಿ ಇತ್ತು ಎಂಬ ವಿಚಾರ ಈಗ ಮೊದಲ ಸಲ ಹೊಳೆಯಿತು. ಈ ಒಂದು ವಿಷಯದಲ್ಲಾದರೂ ನಿಜ ಗೊತ್ತಾಗಬೇಕು. ಗೊತ್ತಾಗದಿದ್ದರೆ ತಾನು ಆಯುಷ್ಯವಿಡೀ ಏನು ಮಾಡಿದೆ ಎಂಬುದೇ ಗೊತ್ತಾಗುವುದಿಲ್ಲ ಎನಿಸಿತು.

"ಅಂಬಲಿ ಸ್ಪರ್ಧೆ ಇಡಸ್ರಿ," ಎಂದಳು ಗಂಡನಿಗೆ. "ಆದರ ನಿರ್ಣಯ ಮಾಡೋರು ಪರೀಕ್ಷೆ ಪಾಸಾಗಿರಬೇಕು."

ಅಂಥವನೊಬ್ಬ ಬಾಗಲಕೋಟೆಯಲ್ಲಿದ್ದ. ಹೆಸರು ಪ್ರವೀಣಕುಮಾರ, ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸ. ಬೆಂಗಳೂರಿನಲ್ಲಿ ಪರೀಕ್ಷೆ ಕೊಟ್ಟು, ಮನೆಯಲ್ಲಿ ತಯಾರಿಸಿದ ಬೀರಿನ ಸ್ಪರ್ಧೆಗಳಿಗೆ ನಿರ್ಣಾಯಕನೆಂಬ ಪ್ರಮಾಣಪತ್ರ ಪಡೆದಿದ್ದ. ಬೀರಿನ ಹೆಸರೆತ್ತಿದರೆ ವಿಭೂತಿ ಹಚ್ಚಿಕೊಳ್ಳುವ ಮನೆತನ ಅವನದು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿದ್ದ ತಾಯಿ, ಕೇಳಿದವರಿಗೆ ಅದು ರಸಾಯನಶಾಸ್ತ್ರದ್ದೆಂದು ಹೇಳುತ್ತಿದ್ದಳು. ಬಾಗಲಕೋಟೆಯಲ್ಲಿ ಮನೆಯಲ್ಲಿ ಬೀರು ತಯಾರಿಸುವವರೂ ಇಲ್ಲ, ತಯಾರಿಸಿದರೆ ನಿರ್ಣಾಯಕರಿಗಿಂತ ಮೊದಲು ಪೊಲೀಸರು ಬರುತ್ತಾರೆ. ಆದ್ದರಿಂದ ಅಂಬಲಿಗೆ ಕರೆ ಬಂದಾಗ ಅವನಿಗೆ ಹಬ್ಬವಾಯಿತು.

"ಎರಡೂ ಹುಳಿ ಬರಸೂದ ಅವ್ವಾರ. ಶಾಸ್ತ್ರ ಒಂದ," ಎಂದ ಗುರುಲಿಂಗವ್ವನಿಗೆ.

"ಬಾಯಾಗ ಹಾಕಿ ಉಗುಳ್ತೀಯೇನು?"

"ವೈನಿನವರು ಉಗುಳ್ತಾರ್ರಿ. ನಾವು ನುಂಗಬೇಕು. ಗಂಟಲಿಗೆ ಇಳದಾಗ ಪೂರಾ ರುಚಿ ಗೊತ್ತಾಗೂದು."

"ಹಂಗಾದರ ಛಲೋ. ಅಂಬಲಿ ಉಗುಳಿದ್ದರ ನಾನ ಬಂದು ಬಡೀತಿದ್ದೆ."

ಮೊದಲು ಹುನಗುಂದದಲ್ಲಿ ನಿರ್ಣಾಯಕರಿಗೆ ತರಬೇತಿ, ಸಂಜೆಗೆ ಪರೀಕ್ಷೆ. ಪ್ರವೀಣಕುಮಾರ ಬೇಕೆಂದೇ ಕೆಡಿಸಿದ ಅಂಬಲಿಗಳನ್ನು ಸಾಲಾಗಿ ಇಟ್ಟಿದ್ದ: ಒಂದು ತಳ ಹತ್ತಿದ್ದು, ಒಂದು ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಇಟ್ಟು ಕಿಲುಬು ವಾಸನೆ ಹಿಡಿದದ್ದು, ಒಂದು ಹುಳಿಯೇ ಬಾರದ್ದು. ಒಂದರ ರುಚಿ ಇನ್ನೊಂದಕ್ಕೆ ತಗಲದಂತೆ ನಡುವೆ ಬಾಯಿಗೆ ಹಾಕಿಕೊಳ್ಳಲು ಚುರುಮುರಿ. ಬಂದಿದ್ದ ಊರ ಗಣ್ಯರು ಎಲ್ಲವನ್ನೂ ಕುಡಿದು, ಚುರುಮುರಿ ಮುಗಿಸಿ, ಎಲ್ಲಕ್ಕೂ ಐವತ್ತಕ್ಕೆ ನಲವತ್ತೈದರಂತೆ ಅಂಕ ಕೊಟ್ಟರು. ಮುಂದಿಟ್ಟ ಊಟವನ್ನು ಕೆಟ್ಟದ್ದೆನ್ನುವ ಸಂಸ್ಕಾರ ಅವರ ಯಾರ ಮನೆಯಲ್ಲೂ ಇರಲಿಲ್ಲ. ಕಿಲುಬಿನ ಅಂಬಲಿ ಕುಡಿದ ಒಬ್ಬರು ಮುಖ ಕಿವುಚಿಕೊಂಡು, "ಇದು ಯಾರ ಮನೀದು ಹೇಳ್ರಿ, ಆಮ್ಯಾಲ ರುಚಿ ಹೇಳ್ತೇನಿ," ಎಂದರು.

ಪಾಸಾದವನು ತಿಮ್ಮಣ್ಣ ಒಬ್ಬನೇ. ಅವನ ನಾಲಗೆಗಿಂತ ಕಣ್ಣು ಚುರುಕು. ಆಯುಷ್ಯವಿಡೀ ಮೇಲಧಿಕಾರಿಗಳ ಮುಖ ನೋಡಿ ಬಾಳಿದವನು, ಪ್ರತಿ ಲೋಟ ಎತ್ತುವಾಗಲೂ ಪ್ರವೀಣಕುಮಾರನ ಹುಬ್ಬು ನೋಡಿದ. ಅದು ಗಂಟಾದಲ್ಲೆಲ್ಲ ದೋಷ ಬರೆದ. ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ಕೊರಳಿಗೆ ತೂಗುಹಾಕಿಕೊಂಡ.

"ಒಂದು ಮಾತು ನೆನಪಿಡ್ರಿ ಸರ," ಎಂದ ಪ್ರವೀಣಕುಮಾರ. "ಎಲ್ಲಾರಿಗೂ ನಲವತ್ತೈದು ಕೊಟ್ಟರ ಇದನ್ನ ವಾಪಸ್ ತಗೋತೇನಿ. ನಮ್ಮಿಬ್ಬರ ಅಂಕದಾಗ ಏಳಕ್ಕಿಂತ ಹೆಚ್ಚು ಅಂತರ ಬಂದರ ಕುಂತು ಮಾತಾಡಬೇಕು."

ಸ್ಪರ್ಧೆ ಇಳಕಲ್ಲಿನ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಹೆಂಗಸರು ಚೀಟಿ ಎತ್ತಿದರು. ಚೀಟಿಯಲ್ಲಿದ್ದ ನಂಬರೇ ಅವರ ಅಂಬಲಿಗೆ. ಪ್ರವೀಣಕುಮಾರ ಎಲ್ಲವನ್ನೂ ಒಂದೇ ತೆರನ ಮಣ್ಣಿನ ಗಡಿಗೆಗಳಿಗೆ ಸುರಿಸಿ, ನಂಬರು ಅಂಟಿಸಿ, ಅಲ್ಲಿಯತನಕ ಹೊರಗೆ ನಿಲ್ಲಿಸಿದ್ದ ತಿಮ್ಮಣ್ಣನನ್ನು ಒಳಗೆ ಕರೆದ. ಗುರುಲಿಂಗವ್ವನಿಗೆ ಒಂಬತ್ತು ಬಂದಿತ್ತು. ಗಂಡ ಮಗ್ಗುಲಿಗೆ ಬಂದು ಕುಳಿತ.

"ನಂಬರ್ ಎಷ್ಟು?"

"ಹೇಳಂಗಿಲ್ಲರಿ."

"ಗಂಡಗೂ ಹೇಳಂಗಿಲ್ಲೇನು?"

"ಗಂಡಗಂತೂ ಮೊದಲ ಹೇಳಂಗಿಲ್ಲ."

ಶಂಕ್ರಪ್ಪ ಒಂದು ಗಳಿಗೆ ಮೀಸೆ ತೀಡಿ ಯೋಚಿಸಿದ. ಮದುವೆ ಊಟದಲ್ಲಿ ಮೊದಲ ಎಲೆ, ಸಭೆಯಲ್ಲಿ ಮೊದಲ ಕುರ್ಚಿ, ಮೆರವಣಿಗೆಯಲ್ಲಿ ಮೊದಲ ಸಾಲು ತನ್ನ ಮನೆಗೆ ಮೀಸಲಾಗಿರುವ ಊರಿನಲ್ಲಿ, ದಾನಿಯ ಹೆಂಡತಿಗೆ ಒಂದನೇ ನಂಬರು ಬಿಟ್ಟು ಬೇರೆ ಕೊಡುವ ಧೈರ್ಯ ಯಾರಿಗಿದ್ದೀತು? ಚೀಟಿ ಎತ್ತಿದ್ದನ್ನು ಆತ ಕಣ್ಣಾರೆ ನೋಡಿದ್ದ. ಆದರೆ ಆತ ನೋಡಿದ ಚೀಟಿಗಳೆಲ್ಲ ಅಲ್ಲಿಯವರೆಗೆ ಹೇಳಿದಂತೆಯೇ ಬಂದಿದ್ದವು. ಗಂಟಲು ಸರಿಪಡಿಸಿಕೊಂಡು, ತಿಮ್ಮಣ್ಣನ ಕಣ್ಣಿಗೆ ಬೀಳುವಂತೆ ಹಣೆಗೆ ಒಂದು ಬೆರಳು ಹಚ್ಚಿದ. ತಿಮ್ಮಣ್ಣ ಕೊರಳಿನ ಪ್ರಮಾಣಪತ್ರವನ್ನು ಮುಟ್ಟಿ ನಮಸ್ಕರಿಸಿದ.

ಒಂದನೇ ಗಡಿಗೆಗೆ ಪ್ರವೀಣಕುಮಾರ ನಲವತ್ತು ಕೊಟ್ಟ. ತಿಮ್ಮಣ್ಣ ನಲವತ್ತೊಂಬತ್ತು.

"ಭಾಳ ಆತರಿ ಸರ. ಇದು ಛಲೋ ಅದ, ಒಪ್ಪತೇನಿ. ಆದರ ನಲವತ್ತೊಂಬತ್ತೇನ್ರಿ? ಉಳದ ಒಂದ ಯಾಕ ಬಿಟ್ರಿ ಮತ್ತ?"

"ದೃಷ್ಟಿ ಆಗಬಾರದಂತ."

ಕುಳಿತು ಮಾತಾಡಿ ನಲವತ್ತೆರಡಕ್ಕೆ ಇಳಿಸಿದರು. ಈಗ ತಿಮ್ಮಣ್ಣನಿಗೆ ಇನ್ನೊಂದು ಚಿಂತೆ: ತಾನು ನಿಷ್ಠುರನೆಂದು ತೋರಿಸಲು ಯಾರಿಗಾದರೂ ಕಡಿಮೆ ಕೊಡಲೇಬೇಕು. ಒಂಬತ್ತನೆಯ ಗಡಿಗೆಯ ಹತ್ತಿರ ಪ್ರವೀಣಕುಮಾರನ ಹುಬ್ಬು ಗಂಟಾಯಿತು. ಅವನು ಬರೆದದ್ದು ಇಪ್ಪತ್ತನಾಲ್ಕು. ಹೇಳುವವರು ಕೇಳುವವರು ಇಲ್ಲದ ಯಾರೋ ಬಡವಿಯ ಅಂಬಲಿ ಎಂದುಕೊಂಡ ತಿಮ್ಮಣ್ಣನಿಗೆ ಆವೇಶ ಬಂದಿತು. ಆಯುಷ್ಯದಲ್ಲಿ ಮೊಟ್ಟಮೊದಲ ಸಲ ಯಾರ ಭಯವೂ ಇಲ್ಲದೆ ಅಭಿಪ್ರಾಯ ಬರೆದ. ಹತ್ತೊಂಬತ್ತು ಅಂಕ; ಕೆಳಗೆ, "ದನಕ್ಕೆ ಇಡಬಹುದು."

"ಮೊದಲ ಬಹುಮಾನ, ಒಂದನೇ ನಂಬರು," ಎಂದು ಕೂಗಿದಾಗ ಶಂಕ್ರಪ್ಪ ಕೈಮುಗಿಯುತ್ತ ಎದ್ದು ವೇದಿಕೆಯತ್ತ ಹೊರಟೇಬಿಟ್ಟಿದ್ದ. "ಹಜರತಬಿ," ಎಂದು ಹೆಸರು ಕೇಳಿದ ಮೇಲೆ, ಮುಗಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಅಲ್ಲಿದ್ದ ಫ್ಯಾನಿಗೆ ನಮಸ್ಕರಿಸಿ ಬಂದು ಕುಳಿತ. ಚಪ್ಪಾಳೆ ತಡವಾಗಿ ಬಿತ್ತು. ಹಿಂದಿನ ಸಾಲಿನ ಒಬ್ಬಳು ಪಕ್ಕದವಳಿಗೆ ಹೇಳಿದಳು: "ಆಕಿ ಗುರುಲಿಂಗವ್ವನ ಗೆಳತಿ ಅಲ್ಲೇನು? ತಿಳೀತು ಬಿಡು."

ಆಮೇಲೆ ಅಂಕದ ಹಾಳೆಗಳನ್ನು ಅವರವರಿಗೆ ಹಂಚಿದರು. ಗುರುಲಿಂಗವ್ವ ಕನ್ನಡಕ ಏರಿಸಿಕೊಂಡು ಓದಿದಳು. ತಳ ಹತ್ತಿದ ವಾಸನೆ. ಗಂಟುಗಳಿವೆ. ಹುಳಿ ಸಾಲದು. ಓದುತ್ತ ಓದುತ್ತ ಮೈ ಉರಿಯಿತು. ನಿಜ ಬೇಕೆಂದು ಹಟ ಹಿಡಿದವಳಿಗೆ, ಆ ನಿಜ ತನ್ನನ್ನು ಹೊಗಳುವುದೆಂಬ ಭರವಸೆ ಒಳಗೊಳಗೆ ಇದ್ದೇ ಇತ್ತು.

"ಅಂಬಲಿ ಬಗ್ಗೆ ನಿನಗೇನು ತಿಳೀತದ? ನೀ ಬೀರು ಕುಡಿಯೋವ!"

"ಇನ್ನೊಂದು ಲೋಟ ಕೊಡ್ರಿ ಅವ್ವಾರ, ನಿಮ್ಮ ಮುಂದ ಕುಡೀತೇನಿ. ಅಂಕ ಮಾತ್ರ ಇಪ್ಪತ್ನಾಲ್ಕ," ಎಂದ ಪ್ರವೀಣಕುಮಾರ.

ಕಂಬದ ಮರೆಗೆ ಸರಿಯುತ್ತಿದ್ದ ತಿಮ್ಮಣ್ಣನನ್ನು ಆಕೆ ಕರೆದು ನಿಲ್ಲಿಸಿದಳು. "ದನಕ್ಕ ಇಡಬೇಕೇನ್ರಿ ಇದನ್ನ?"

"ಅವ್ವಾರ, ತಪ್ಪಾತರಿ. ನಿಮ್ಮದಂತ ಗೊತ್ತಿದ್ದಿದ್ದರ..."

"ಗೊತ್ತಿದ್ದಿದ್ದರ?"

"ನಲವತ್ತೊಂಬತ್ತರಿ."

ಮನೆಗೆ ಹೋಗುವಾಗ ಶಂಕ್ರಪ್ಪ ಕಾರಿನಲ್ಲಿ ಸಮಾಧಾನ ಹೇಳಿದ. "ಆ ಹುಡುಗಗ ಏನು ಗೊತ್ತು? ನಾ ಲಗ್ನಾದಾಗಿಂದ ಅದನ್ನ ಕುಡಿಯಾಕತ್ತೇನಿ."

"ಹೊತ್ತಿದ ವಾಸನಿ ಬರ್ತಿತ್ತೇನ್ರಿ?"

ಶಂಕ್ರಪ್ಪ ರಸ್ತೆ ನೋಡಿದ. ಎದುರಿಗೆ ಒಂದು ವಾಹನವೂ ಇರಲಿಲ್ಲ. ಆದರೂ ಹಾರ್ನ್ ಬಾರಿಸಿದ. "ರೂಢಿ ಆಗಿತ್ತು," ಎಂದ ಕೊನೆಗೆ.

ಇಷ್ಟು ವರ್ಷಗಳಲ್ಲಿ ಆ ಗಂಡಹೆಂಡಿರ ನಡುವೆ ಆಡಿದ ಪ್ರಾಮಾಣಿಕ ಮಾತು ಅದೊಂದೇ ಇರಬೇಕು.

ಮರುದಿನ ಮುಂಜಾನೆ ಹಜರತಬಿಯ ಅಂಗಡಿಗೆ ಹೋದರೆ, ಗೆದ್ದವಳ ಮುಖವೂ ಗಂಟಾಗಿತ್ತು. "ನೋಡ್ರಿ ಅಕ್ಕಾ, ಜಿಂದಗಿಯೊಳಗ ಒಮ್ಮೆ ಗೆದ್ದೆ. ಓಣಿ ತುಂಬ ನೀವ ಗೆಲ್ಲಿಸಿದ್ರಿ ಅನ್ನಾಕತ್ತಾರ. ಎರಡನೇ ಬಹುಮಾನದಾಗ ಸುಖ ಇತ್ತು."

"ಅಂಬಲಿ ಉಳದದೇನು?"

ಉಳಿದಿತ್ತು. ಗುರುಲಿಂಗವ್ವ ನಿಂತೇ ಒಂದು ಲೋಟ ಕುಡಿದಳು. ತಪ್ಪು ಹುಡುಕಲೆಂದೇ ಕುಡಿದಳು. ಹುಳಿ ನಾಲಗೆಯ ಅಂಚಿಗೆ ಬಂದು ನಿಂತಿತು. ಗಂಟಿಲ್ಲ, ಹೊತ್ತಿದ ವಾಸನೆ ಇಲ್ಲ. ಖಾಲಿ ಲೋಟ ಮುಂದೆ ಹಿಡಿದಳು. ಎರಡನೆಯದನ್ನೂ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಹಜರತಬಿಯ ಮುಂದೆ ಸ್ಟೂಲು ಎಳೆದುಕೊಂಡು ಕುಳಿತಳು.

"ಹೇಳು," ಎಂದಳು. "ಎಷ್ಟು ಹೊತ್ತು ಹುಳಿಗೆ ಬಿಡ್ತಿ? ಮತ್ತ ಕುದಿಸೋ ಮುಂದ ಒಲಿ ಬಿಟ್ಟು ಏಳೂದ ಇಲ್ಲೇನು?"

"ಏಳಂಗಿಲ್ಲಕ್ಕಾ. ಏಳಾಕ ನಾ ಏನು, ಢಾಲು ತರಾಕ ಹೋಗಬೇಕಾಗಿತ್ತೇನು?"