ಬೆಣ್ಣಿ ಮುಟ್ಟದ ಹುಲ್ಲು

ಹೋದ ವಾರ ನಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಹುಲ್ಲು ತಿಂದರು.

ತಮಾಷೆಯಲ್ಲ. ಹಿರಿಯರೆಂದರೆ ನನ್ನ ಮಾವ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ, ಅಂದರೆ ನನ್ನ ಗಂಡನಿಗೆ, ಒಪ್ಪಿಸಿ ಮನೆಯಲ್ಲಿರುವವರು. ತಲೆ ನೆಟ್ಟಗಿದೆ, ಕಣ್ಣು ಚುರುಕಾಗಿವೆ. ಅಂಥವರು ಪಡಸಾಲೆಯಲ್ಲಿ ಕುಳಿತು ಒಂದು ಎಸಳು ಹಸಿರು ಹುಲ್ಲನ್ನು ಬಾಯಿಗಿಟ್ಟುಕೊಂಡು ಅಗಿದರು. ನನಗೆ ಮೊದಲು ಬಂದದ್ದು ನಗು. ಆಮೇಲೆ ಬಂದದ್ದನ್ನು ಹೇಳುವುದಕ್ಕೇ ಈ ವಾರ ನಿಮ್ಮ ಮುಂದೆ ಕುಳಿತಿದ್ದೇನೆ.

ಕಥೆ ಶುರುವಾಗುವುದು ಬೆಣ್ಣಿಯಿಂದ. ಬೆಣ್ಣಿ ನಮ್ಮ ಮನೆಯ ಗಿನಿಪಿಗ್. (ಹೆಸರಿನಲ್ಲಿ ಪಿಗ್ ಇದ್ದರೂ ಹಂದಿಯಲ್ಲ. ಬಾಲವಿಲ್ಲದ ದೊಡ್ಡ ಇಲಿ ಎಂದರೆ ನನ್ನ ಮಗಳು ಮಾತು ಬಿಡುತ್ತಾಳೆ.) ಬೆಣ್ಣೆಯ ಬಣ್ಣ, ಅಂಗೈ ಮೇಲೆ ಕೂರುವಷ್ಟೇ ಗಾತ್ರ. ಮಗಳು ಸಹನಾ ಹಟ ಹಿಡಿದು ತರಿಸಿಕೊಂಡಳು. ಆದರೆ ಸ್ಕೂಲು, ಟ್ಯೂಷನ್ ಎಂದು ಅವಳು ಮನೆ ಸೇರುವುದೇ ಸಂಜೆಗೆ. ಹೀಗಾಗಿ ದಿನವಿಡೀ ಬೆಣ್ಣಿಗೆ ಜೊತೆ ಎಂದರೆ ಮಾವನೇ.

ಮಾವ ಮನೆಯಲ್ಲೇ ಇರುವುದಕ್ಕೂ ಕಾರಣವಿದೆ. ಅವರ ಕೆನ್ನೆಯ ಒಳಗೆ ಗಡ್ಡೆಯಾಗಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಆಮೇಲೆ ಕರೆಂಟ್ ಕೊಡಿಸಿಕೊಂಡು ಬಂದರು. (ರೇಡಿಯೇಶನ್ನಿಗೆ ನಮ್ಮ ಕಡೆ ಹೀಗೇ ಅನ್ನುತ್ತಾರೆ, ಆ ಹೆಸರಿನಲ್ಲೇ ಅರ್ಧ ಭಯವಿದೆ.) ಗಡ್ಡೆ ಹೋಯಿತು. ಊಟವೂ ಹೋಯಿತು. ತಟ್ಟೆಯ ಮುಂದೆ ಕೂರುತ್ತಾರೆ, ಎರಡು ತುತ್ತು ಬಾಯಿಗಿಡುತ್ತಾರೆ, ನೀರು ಕುಡಿದು ಏಳುತ್ತಾರೆ. ಕೇಳಿದರೆ ಒಂದೇ ಉತ್ತರ. "ಹಸಿವಿಲ್ಲ ಯವ್ವಾ."

ನಾವು ಸುಮ್ಮನೆ ಕೂತಿರಲಿಲ್ಲ. ಖಾರ ಬೇಡ ಎಂದು ಡಾಕ್ಟರು ಹೇಳಿದ್ದರು, ಅದನ್ನು ಪಾಲಿಸಿದೆವು. ಅಡುಗೆಯಲ್ಲಿ ಗುಂಟೂರು ಕಾಯಿ ಪೂರ್ತಿ ಬಂದ್. ಬರೀ ಬ್ಯಾಡಗಿ ಕಾಯಿ. ಅದು ಬಣ್ಣಕ್ಕೆ, ಖಾರಕ್ಕಲ್ಲ ಎಂಬುದು ನಮ್ಮೂರಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಮಾವ ಜೀವನಪೂರ್ತಿ ಹೇಳಿದ ಮಾತೇ ಅದು. ಕಾಯಿ ಕೈಯಲ್ಲಿ ಹಿಡಿದು, "ನಮ್ಮದು ಖಾರ ಅಲ್ರಿ, ಬಣ್ಣ ನೋಡ್ರಿ" ಎಂದು ಎಷ್ಟು ಊರಿನ ವ್ಯಾಪಾರಸ್ಥರಿಗೆ ಹೇಳಿದ್ದಾರೋ. ಆದರೂ ಮಾವ ಉಣ್ಣುತ್ತಿರಲಿಲ್ಲ. ಅಂಗಿ ಮೈಮೇಲೆ ಜೋತಾಡತೊಡಗಿತು. ಗಡ್ಡೆ ಮತ್ತೆ ಬಂತೇ ಎಂದು ಹೆದರಿ ತೋರಿಸಿಕೊಂಡು ಬಂದೆವು. ಬಂದಿರಲಿಲ್ಲ.

"ಆಸ್ಪತ್ರ್ಯಾಗ ಹಾಲು ಅನ್ನ ಉಂಡು ಅದ ರೂಢಿ ಆಗೇತಿ ಅವರಿಗೆ. ಈಗ ಬ್ಯಾರೆ ಏನೂ ಸೇರೂದಿಲ್ಲ" ಎಂದು ನಾನೇ ಫೋನಿನಲ್ಲಿ ನೆಂಟರಿಗೆ ಹೇಳುತ್ತಿದ್ದೆ.

ಹೀಗಿರುವಾಗ ಬೆಣ್ಣಿಯೂ ಊಟ ಬಿಟ್ಟಿತು.

ನಮ್ಮ ಕಡೆ ಪ್ರೀತಿ ಎಂದರೆ ತಿನ್ನಿಸುವುದು. ಬಂದವರಿಗೆ ಇನ್ನೊಂದು ರೊಟ್ಟಿ ಹಾಕದಿದ್ದರೆ ನಮಗೆ ಕೈ ಕಟ್ಟಿದ ಹಾಗಾಗುತ್ತದೆ. ಬೆಣ್ಣಿಗೂ ಹಾಗೇ ಮಾಡಿದೆವು. ಹಾಲಿನಲ್ಲಿ ನೆನೆಸಿದ ರೊಟ್ಟಿ, ಚುರುಮುರಿ, ಬಿಸ್ಕತ್ತು. ಹುಲ್ಲು ಹಾಕಬೇಕಂತೆ ಎಂದು ಸಹನಾ ಹೇಳಿದ್ದಕ್ಕೆ ನನ್ನ ಗಂಡ, "ಅದೇನು ಎಮ್ಮಿ ಏನವಾ, ಹುಲ್ಲ ಹಾಕಾಕ?" ಎಂದು ನಕ್ಕಿದ್ದರು. ಒಂದು ದಿನ ನೋಡಿದರೆ ಬೆಣ್ಣಿಯ ಗದ್ದ ಜೊಲ್ಲಿನಿಂದ ಒದ್ದೆಯಾಗಿದೆ. ತಿನ್ನಲು ಬರುತ್ತದೆ, ಬಾಯಿ ಹಾಕುತ್ತದೆ, ಬಿಡುತ್ತದೆ.

ರಾಣೆಬೆನ್ನೂರಿಗೆ ಒಯ್ದೆವು. ಅಲ್ಲಿ ಸಣ್ಣ ಪ್ರಾಣಿಗಳನ್ನು ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆ. ಬ್ಯಾಟರಿ ಹಿಡಿದು ಬಾಯೊಳಗೆ ನೋಡಿದರು. "ಇವುಕ್ಕ ಹಲ್ಲು ಜೀವ ಇರೋತನಕ ಬೆಳೀತಾವ್ರಿ. ಹುಲ್ಲು ಅಗದು ಅಗದು ಸವೀಬೇಕು. ನೀವು ಮೆತ್ತಗಿಂದು ಕೊಟ್ಟೀರಿ. ದವಡಿ ಹಲ್ಲು ಒಳಗ ಬಾಗಿ ನಾಲಿಗಿ ಚುಚ್ಚಾಕತ್ತಾವ." ನಾವು ಅಪರಾಧಿಗಳಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರೀತಿಯಿಂದ ಕೊಟ್ಟದ್ದೇ ಬಾಯಿಗೆ ಮುಳ್ಳಾಗಿ ಬೆಳೆದಿತ್ತು.

ಮಂಪರು ಕೊಟ್ಟು ಹಲ್ಲು ಕತ್ತರಿಸಿದರು. ನಾಲಿಗೆಯ ಗಾಯ ಮಾಯುವವರೆಗೆ ಸಿರಿಂಜಿನಲ್ಲಿ ತಿನ್ನಿಸಬೇಕು. ಅದರ ಕಾಳಿನ ಆಹಾರವನ್ನು ನೆನೆಸಿ, ಅರೆದು, ತೆಳ್ಳಗೆ ಮಾಡಿ, ಬಾಯಿಯ ಬದಿಯಿಂದ ತುಸು ತುಸುವೇ. ಆದರೆ ಎದುರಿಗೆ ಸದಾ ಹುಲ್ಲು ಇರಬೇಕು. "ಸಿರಿಂಜಿನಿಂದ ಈಗ ಬದುಕಿಸಬಹುದು. ಆದ್ರ ಹುಲ್ಲು ತಾನ ತಿನ್ನದಿದ್ರ ಹಲ್ಲು ಮತ್ತ ಬೆಳೀತಾವ. ಇಷ್ಟ ಸಣ್ಣ ಜೀವಕ್ಕ ಪದೇ ಪದೇ ಮಂಪರು ಕೊಡಾಕ ಆಗೂದಿಲ್ರಿ" ಎಂದರು. ಅಂದರೆ ಹುಲ್ಲು ತಿಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಿರಿಂಜಿನ ಕೆಲಸ ಮಾವನದಾಯಿತು. ತೊಡೆಯ ಮೇಲೆ ಟವೆಲ್ ಹಾಸಿ, ಬೆಣ್ಣಿಯನ್ನು ಅದರಲ್ಲಿ ಸುತ್ತಿ, "ಉಣ್ಣ ತಂಗಿ, ಸಾವಕಾಶ ಉಣ್ಣ" ಎನ್ನುತ್ತ ತಿನ್ನಿಸುತ್ತಿದ್ದರು. ತಾವು ಉಣ್ಣದ ಮನುಷ್ಯ ಇನ್ನೊಂದು ಜೀವಕ್ಕೆ ಇಷ್ಟು ತಾಳ್ಮೆಯಿಂದ ಉಣ್ಣಿಸುವುದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು. ಅಡುಗೆಮನೆಗೆ ಹೋಗಿ ಇಲ್ಲದ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಹುಲ್ಲು ತರುವುದು ನನ್ನ ಗಂಡನ ಪಾಲಿಗೆ ಬಂತು. (ಎಮ್ಮೆಯ ಮಾತಿಗೆ ಪ್ರಾಯಶ್ಚಿತ್ತ ಎಂದು ಸಹನಾ ಸಾರಿದ್ದಳು.) ಕದರಮಂಡಲಗಿ ಕಡೆ ಪರಿಚಯದವರ ಹೊಲವಿದೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಅಲ್ಲಿಂದ ಬದುವಿನ ಹುಲ್ಲು ಕೊಯ್ದು, ಚೀಲದಲ್ಲಿ ತುಂಬಿ ತಂದು ಕೊಡುತ್ತಿದ್ದರು. ಎಳೆಯ ಹುಲ್ಲು, ಇಬ್ಬನಿಯ ಹಸಿ ಇನ್ನೂ ಆರದ್ದು. ನೋಡಿದರೆ ನಮಗೇ ಆಸೆಯಾಗಬೇಕು.

ಬೆಣ್ಣಿ ಮುಟ್ಟಲಿಲ್ಲ.

ಹತ್ತಿರ ಬರುತ್ತಿತ್ತು. ಮೂಸುತ್ತಿತ್ತು. ಒಂದು ಎಸಳು ಎಳೆದುಕೊಳ್ಳುತ್ತಿತ್ತು, ಕೂಡಲೇ ಬಿಟ್ಟು ಮುಂಗಾಲಿನಿಂದ ಬಾಯಿ ಒರೆಸಿಕೊಂಡು ಮೂಲೆಗೆ ಹೋಗುತ್ತಿತ್ತು. ಆಮೇಲೆ ಮಾವನ ಕಡೆ ತಿರುಗಿ ಕುಂಯ್ ಕುಂಯ್.

"ಕೂತಲ್ಲೇ ಬಾಯಿಗೆ ಬರತೈತಿ, ಅದ್ಯಾಕ ಅಗೀತೈತಿ? ರೂಢಿ ಆಗೇತಿ" ಎಂದರು ಗಂಡ. "ಒಂದ್ ದಿನ ಸಿರಿಂಜ್ ಬಂದ್ ಮಾಡ್ರಿ. ಹಸದ್ರ ತಿಂತೈತಿ."

ಸಹನಾ ಅತ್ತಳು. ಗಿನಿಪಿಗ್ಗಿನ ಹೊಟ್ಟೆ ಖಾಲಿ ಬಿಟ್ಟರೆ ಒಂದೇ ದಿನಕ್ಕೆ ಜೀವಕ್ಕೇ ಅಪಾಯ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದನ್ನು ನೆನಪಿಸಿದಳು. ಮತ್ತೆ ರಾಣೆಬೆನ್ನೂರಿಗೆ ಹೋದೆವು. ಗಾಯ ಮಾದಿದೆ, ಹಲ್ಲು ಸರಿ ಇವೆ, ತಿನ್ನದಿರಲು ಕಾರಣವೇ ಕಾಣುತ್ತಿಲ್ಲ ಎಂದರು ಡಾಕ್ಟರಮ್ಮ. ಮಗಳು ಹೊರಗೆ ಹೋದ ಮೇಲೆ ದನಿ ತಗ್ಗಿಸಿದರು. "ಕೆಲವು ಜೀವ ಮನಸ್ಸು ಬಿಟ್ಟುಬಿಡ್ತಾವ್ರಿ. ಇನ್ನೊಂದು ವಾರ ನೋಡ್ರಿ."

ಮನೆಗೆ ಬಂದು ಈ ಮಾತನ್ನು ಮಾವನಿಗೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ನನಗೆ ಹೊಳೆಯಿತು, ನಾವು ಅವರ ಬಗ್ಗೆಯೂ ಅವರ ಬೆನ್ನ ಹಿಂದೆ ಇದೇ ಮಾತನ್ನು ಆಡಿಕೊಳ್ಳುತ್ತಿದ್ದೆವು ಎಂದು.

ಮರುದಿನ ಬೆಳಿಗ್ಗೆಯೇ ಅವರು ಹುಲ್ಲು ತಿಂದದ್ದು.

ಚೀಲದಿಂದ ಹುಲ್ಲು ತೆಗೆದು ಬೆಣ್ಣಿಯ ಮುಂದಿಟ್ಟಿದ್ದರು. ಅದು ಎಂದಿನಂತೆ ಎಳೆಯಿತು, ಬಿಟ್ಟಿತು, ಬಾಯಿ ಒರೆಸಿಕೊಂಡಿತು. ಮಾವ ಅದನ್ನೇ ನೋಡುತ್ತ ಕುಳಿತಿದ್ದರು. "ಇಕಿ ಹಟ ಮಾಡಾಕತ್ತಿಲ್ಲ ಯವ್ವಾ. ಏನೋ ಹೇಳಾಕತ್ತಾಳ" ಎಂದು, ಅದು ಬಿಟ್ಟ ಎಸಳನ್ನೇ ಎತ್ತಿ ಬಾಯಿಗಿಟ್ಟುಕೊಂಡರು. ನಾನು ನಗುತ್ತಾ, "ಮಾವಾರ, ಏನ್ ಮಾಡಾಕತ್ತೀರಿ?" ಎನ್ನುವಷ್ಟರಲ್ಲಿ ಅವರ ಕಣ್ಣಿನಲ್ಲಿ ನೀರು ಬಂತು. ಎಸಳನ್ನು ಅಂಗೈಗೆ ಉಗುಳಿದರು. ಅಂಗವಸ್ತ್ರದಿಂದ ಬಾಯಿ ಒರೆಸಿಕೊಂಡರು.

"ಖಾರ ಐತಿ" ಎಂದರು.

ಹುಲ್ಲು ಖಾರವೇ? ನಾನೂ ಒಂದು ಎಸಳು ಅಗಿದೆ. ಏನಿಲ್ಲ, ಹುಲ್ಲಿನ ರುಚಿ. ಗಂಡನೂ ಅಗಿದರು. (ಆ ಹೊತ್ತಿಗೆ ಯಾರಾದರೂ ಬಾಗಿಲಿಗೆ ಬಂದಿದ್ದರೆ ನಮ್ಮ ಮನೆತನದ ಬಗ್ಗೆ ಏನು ತಿಳಿಯುತ್ತಿದ್ದರೋ.) "ಎಲ್ಲಿ ಖಾರಪ್ಪಾ? ಏನೂ ಇಲ್ಲ" ಎಂದರು.

ಮಾವ ಚೀಲವನ್ನು ತೋರಿಸಿದರು. ಅಂಗಡಿಯ ಚೀಲ. ಮೆಣಸಿನಕಾಯಿ ತುಂಬಿ ಖಾಲಿ ಮಾಡಿದ್ದು. ನಮ್ಮೂರಲ್ಲಿ ಯಾವ ಮನೆಯಲ್ಲಿ ಏನು ತರಬೇಕಾದರೂ ಅದೇ ಚೀಲ; ಅದು ಬಿಟ್ಟು ಬೇರೆ ಚೀಲ ಯಾರಿಗೆ ನೆನಪಾಗುತ್ತದೆ? ಒದ್ದೆ ಹುಲ್ಲಿಗೆ ಅದರ ಪುಡಿ ದಿನವೂ ಅಂಟಿಕೊಂಡು ಬರುತ್ತಿತ್ತು. ನಮ್ಮ ಕಣ್ಣಿಗೆ ಕಾಣಲಿಲ್ಲ, ಮೂಗಿಗೆ ಹತ್ತಲಿಲ್ಲ, ನಾಲಿಗೆಗೂ ತಿಳಿಯಲಿಲ್ಲ. ಮೆಣಸಿನಕಾಯಿ ಹಂಗಾಮಿನಲ್ಲಿ ಪರವೂರಿನವರು ಬಸ್ಸಿಳಿದು ಘಾಟಿಗೆ ಕೆಮ್ಮಿದರೆ "ಥಂಡಿ ಆಗೇತೇನ್ರಿ?" ಎಂದು ಕೇಳುವ ಜನ ನಾವು.

"ಆದ್ರ ಇದು ನಮ್ಮ ಕಾಯಿ ಚೀಲ. ಖಾರ ಎಲ್ಲಿ ಇರತೈತಿ?" ಎಂದು ಗಂಡ ಮತ್ತೆ ಶುರು ಮಾಡಿದರು.

"ಬಾಯಿ ನೆಟ್ಟಗಿದ್ದವರಿಗೆ ಇರೂದಿಲ್ಲಪಾ. ಕರೆಂಟ್ ಸುಟ್ಟ ಬಾಯಿಗಿ, ಇಂಥಾ ಸಣ್ಣ ಜೀವಕ್ಕ ಐತಿ" ಎಂದರು ಮಾವ.

ಸಹನಾ ಹಿತ್ತಲಿಗೆ ಹೋಗಿ ಗೋಡೆಯ ಪಕ್ಕದ ಗರಿಕೆ ಕಿತ್ತು, ಎರಡು ಸಲ ತೊಳೆದು, ಸ್ಟೀಲಿನ ತಟ್ಟೆಯಲ್ಲಿ ತಂದಿಟ್ಟಳು. ಬೆಣ್ಣಿ ಕೂಡಲೇ ಹಾರಿಬಂದು ತಿಂದಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಅದಕ್ಕೆ ಹುಲ್ಲೆಂದರೇ ಭಯ ಹತ್ತಿತ್ತು. ಆ ದಿನ ಸಿರಿಂಜೇ ಆಯಿತು. ಮರುದಿನ ಒಂದು ಎಸಳನ್ನು ಎಳೆದುಕೊಂಡಿತು, ನಿಂತಿತು, ಕಾಯಿತು. ಆಮೇಲೆ ಅಗಿಯತೊಡಗಿತು. ಕಿರ್ ಕಿರ್ ಎಂದು ಸಣ್ಣ ಸದ್ದು. ಆ ಸದ್ದು ಕೇಳುತ್ತ ಮಾವ ಕಣ್ಣು ಮುಚ್ಚಿ ಕುಳಿತಿದ್ದರು. ಈಗ ಸಿರಿಂಜು ದಿನಕ್ಕೆ ಒಂದೇ ಸಲ, ಅದನ್ನೂ ಬೆಣ್ಣಿ ಬೇಡವೆಂದು ತಲೆ ತಿರುಗಿಸುತ್ತದೆ.

ಅದು ಮೊದಲ ಎಸಳು ಅಗಿದ ಸಂಜೆ ಊಟಕ್ಕೆ ಬಡಿಸುತ್ತಿದ್ದೆ. ಮಾವನ ಅನ್ನದ ಮೇಲೆ ಸಾರು ಹಾಕಲು ಸೌಟು ಎತ್ತಿದವಳು ಹಾಗೇ ನಿಂತೆ. ಸಾರು ಕೆಂಪಗೆ, ಚೆಂದ ಕಾಣುತ್ತಿತ್ತು. ನಮ್ಮ ಕಾಯಿಯ ಬಣ್ಣ. ಇಷ್ಟು ದಿನ 'ಖಾರ ಇಲ್ಲ' ಎಂದು ಧೈರ್ಯವಾಗಿ ಬಡಿಸುತ್ತಿದ್ದದ್ದು ಇದೇ ಸಾರು.

"ಮಾವಾರ, ಇದೂ ಉರೀತೈತೇನ್ರಿ?" ಎಂದು ಕೇಳಿದೆ.

ಅವರು ತಟ್ಟೆ ನೋಡಿದರು. ಮಗನ ಮುಖ ನೋಡಿದರು. "ಬೆಂಕಿ ಇಟ್ಟಂಗ ಆಗತೈತಿ ಯವ್ವಾ" ಎಂದರು.

"ಮತ್ತ ಯಾಕ ಹೇಳಲಿಲ್ಲಪ್ಪಾ?" ಎಂದರು ನನ್ನ ಗಂಡ.

"ಹೆಂಗ ಹೇಳ್ಲಿ? ಖಾರ ಇಲ್ಲ, ಖಾರ ಇಲ್ಲ ಅಂತ ಊರಿಗೆಲ್ಲ ಹೇಳಿ ಮಾರಿದಾಂವ ನಾನ."

ಅಂದು ಅವರಿಗೆ ಬರೀ ಬೇಳೆ ಕುದಿಸಿ, ಅರಿಶಿನ, ತುಪ್ಪ ಹಾಕಿ ಬಡಿಸಿದೆ. ತಟ್ಟೆ ಖಾಲಿ ಮಾಡಿದರು. ಇನ್ನೊಂದಿಷ್ಟು ಹಾಕವಾ ಎಂದು ಕೇಳಿ ಹಾಕಿಸಿಕೊಂಡರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಇಷ್ಟು ದಿನ ಅವರು ಹಸಿದುಕೊಂಡೇ ಮಲಗಿದ್ದರು. ಹಸಿವಿಲ್ಲ ಎಂದವರ ಮಾತನ್ನು ನಾವೆಲ್ಲ ಎಷ್ಟು ಸಲೀಸಾಗಿ ನಂಬಿಬಿಡುತ್ತೇವೆ, ಅಲ್ಲವೇ?