ನೀರುಗಂಟಿ ಓಬಜ್ಜನ ಎರಡು ಬುಟ್ಟಿ

ಓಬಜ್ಜನ ಬಲಗೈ ಮೊಣಕೈವರೆಗೆ ಸದಾ ಒದ್ದೆ. ಊಟಕ್ಕೆ ಕೂತಾಗಲೂ ಆ ಕೈ ಕೆರೆಯ ವಾಸನೆ ಹೊಡೆಯುತ್ತಿತ್ತು. ಮೊಳಕಾಲ್ಮೂರಿನ ನಮ್ಮ ಕೆರೆಗೆ ಅವನು ನೀರುಗಂಟಿ. ತೂಬು ತೆಗೆದು ಗದ್ದೆಗೆ ನೀರು ಬಿಡುವುದು ಅವನ ಕೆಲಸ, ಸುಗ್ಗಿಯಲ್ಲಿ ರೈತರು ಅಳೆದು ಕೊಡುವ ಕಾಳೇ ಅವನ ಅನ್ನ. ಮಹಾ ಮುಂಗೋಪಿ.

ನಾನು ಅವನಿಗೆ ಬೇಕಾದವಳೇನೂ ಅಲ್ಲ. ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ. ಮೊದಲು ಅರಗು, ಅರಿಸಿನ ಕುದಿಸುತ್ತಿದ್ದೆವು. ಆಮೇಲೆ ಡಬ್ಬಿಯಲ್ಲಿ ಸೀಮೆ ಬಣ್ಣದ ಪುಡಿ ಬಂತು. ಗಂಡ ನೂಲು ಅದ್ದುತ್ತಿದ್ದ, ನಾನು ಕೆರೆಯ ಬಂಡೆಯ ಮೇಲೆ ತೊಳೆಯುತ್ತಿದ್ದೆ. ಬಣ್ಣದ ಬೀದಿಯ ಹೆಂಗಸರೆಲ್ಲ ಅಲ್ಲೇ. ನೀರು ಕೆಂಪಗೆ ಹರಡುವುದು ನೋಡಲು ಚೆನ್ನಾಗಿಯೇ ಇತ್ತು.

ಒಂದು ದಿನ ಓಬಜ್ಜ ಎರಡು ಈಚಲು ಬುಟ್ಟಿ ಹೆಣೆದು ತಂದ. ಎರಡಕ್ಕೂ ಹತ್ತತ್ತು ಸಣ್ಣ ಮೀನು ಬಿಟ್ಟು, ಬಾಯಿ ಕಟ್ಟಿ, ಒಂದನ್ನು ತೂಬಿನ ಹತ್ತಿರ, ಇನ್ನೊಂದನ್ನು ನಮ್ಮ ಬಂಡೆಯ ಹತ್ತಿರ ಮುಳುಗಿಸಿದ. ದಿನಾ ಬೆಳಿಗ್ಗೆ ಎತ್ತಿ ನೋಡುವುದು, ಸತ್ತಷ್ಟಕ್ಕೆ ತೂಬಿನ ಕಲ್ಲಿಗೆ ಸುಣ್ಣದ ಗೆರೆ ಎಳೆಯುವುದು, ಬುಟ್ಟಿ ಬರಿದಾದರೆ ಮತ್ತೆ ಹತ್ತು ಮೀನು ಬಿಡುವುದು.

“ಏನಜ್ಜ, ಮೀನಿಗೆ ತೊಟ್ಟಿಲು ಕಟ್ಟೀಯಾ?” ಎಂದು ನಕ್ಕೆ.

“ತೊಟ್ಟಿಲಲ್ಲ ಕಣವ್ವ, ಸಾಕ್ಷಿ. ನಿನ್ನ ಬಂಡೆ ತಾವ ಎಂಟು ಸತ್ತವೆ. ತೂಬಿನ ತಾವ ಎಲ್ಲಾ ಬದುಕವೆ. ನಗು, ಇನ್ನೂ ನಗು.”

ಬಣ್ಣದ ನೀರಿಗೆ ಮೀನು ಸಾಯುತ್ತಿವೆ ಎಂದು ಅವನು ತಾಲ್ಲೂಕು ಕಚೇರಿಗೆ ದೂರು ಕೊಟ್ಟ. ಸಾಹೇಬರು ಬರುವ ಸುದ್ದಿ ಮೊದಲೇ ತಿಳಿದು, ನಮ್ಮ ಬೀದಿಯವರು ನಾಲ್ಕು ದಿನ ಬಣ್ಣದ ಒಲೆ ಹಚ್ಚಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಸಾಹೇಬರು ಗಾಜಿನ ಸೀಸೆಯಲ್ಲಿ ನೀರು ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ಚೊಕ್ಕವಾಗಿದೆ ಎಂದರು. ದೂರು ಸುಳ್ಳೆಂದು ಶಾನುಭೋಗರು ಕಾಗದ ಬರೆದು ಓಬಜ್ಜನ ಮುಂದೆ ಹಿಡಿದರು.

“ಹೆಬ್ಬೆಟ್ಟು ಒತ್ತಲೇ ಓಬ. ಇಲ್ಲಾಂದ್ರೆ ನೀರುಗಂಟಿಕೆ ಬೇರೆಯವರಿಗೆ ಹೋಗ್ತೈತೆ.”

ಓಬಜ್ಜ ಒದ್ದೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. “ಸಾಹೇಬ್ರು ಬಂದು ಹೋಗೋದು ಒಂದು ಗಳಿಗೆ. ಮೀನು ಹಗಲೂ ರಾತ್ರಿ ಅಲ್ಲೇ ಇರ್ತವೆ, ಅವನ್ನ ಕೇಳ್ರಿ. ಕೆಲಸ ನಿಮ್ದು, ತಗಳ್ರಿ. ಹೆಬ್ಬೆಟ್ಟು ನಂದು.”

ಕೆಲಸ ಹೋಯಿತು, ಕಾಳೂ ನಿಂತಿತು. ಮಾರನೆಯ ಬೆಳಿಗ್ಗೆ ನೋಡಿದರೆ ಮುದುಕ ಮತ್ತೆ ಬುಟ್ಟಿ ಎತ್ತುತ್ತಿದ್ದಾನೆ. ಹೊಸ ನೀರುಗಂಟಿ ಗದರಿದ. “ಕೆಲಸ ಕಿತ್ಕಂಡ್ರಿ, ಕಣ್ಣು ಕಿತ್ಕಂಡಿಲ್ವಲ್ಲ” ಎಂದು ಓಬಜ್ಜ ಗೆರೆ ಎಳೆದು ಹೋದ. ಹೀಗೇ ಎರಡು ವರ್ಷ.

ಅವನು ಹಾಸಿಗೆ ಹಿಡಿದಾಗ ಬುಟ್ಟಿಗಳು ನೀರಲ್ಲೇ ಇದ್ದವು. ಯಾಕೋ, ನಾನೇ ಎತ್ತಿ ನೋಡಿ ಅವನ ಗುಡಿಸಲಿಗೆ ಹೋದೆ. ಕ್ಷೇಮ ಗೀಮ ಅವನು ಕೇಳಲಿಲ್ಲ.

“ಬಂಡೆ ತಾವ ಎಷ್ಟು?”

“ಹತ್ತೂ ಸತ್ತವೆ, ಅಜ್ಜ.”

ಬಣ್ಣ ಹತ್ತಿದ ನನ್ನ ಕೈ ನೋಡಿದ. “ನಿನ್ನ ಗಂಡ ಕೇಳಿದ್ರೂ ಹತ್ತೇ ಅನ್ನಬೇಕು. ಅಂತೀಯಾ?”

“ಅಂತೀನಿ.”

ಮೂರನೆಯ ದಿನ ಸತ್ತ. ನಾನು ಅಳಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದೆ: “ಹತ್ತಕ್ಕೆ ಹತ್ತೂ ಸತ್ತವೆ. ಇನ್ನು ಕೆರೆಗೆ ನೂಲು ಒಯ್ಯಲ್ಲ. ತೊಳೀಬೇಕಾದ್ರೆ ನೀವೇ ಹೋಗ್ರಿ.” ಆರು ದಿನ ನೂಲು ತೊಳೆಯದೆ ಬಿದ್ದಿತ್ತು. ಏಳನೆಯ ದಿನ ಅವನು ಬೈಯುತ್ತಲೇ ನೂಲು ತೊಳೆದ ನೀರಿಗೆ ಹಿತ್ತಲಲ್ಲಿ ಗುಂಡಿ ತೋಡಿದ.

ಉಳಿದ ಮನೆಯವರು ಇನ್ನೂ ಬಂಡೆಗೇ ಹೋಗುತ್ತಾರೆ. ನಾನೂ ಹೋಗುತ್ತೇನೆ, ಬುಟ್ಟಿ ಎತ್ತಲು. ತೂಬಿನ ಕಲ್ಲು ತುಂಬಿತು. ಈಗ ಅವರ ಬಂಡೆಯ ಮೇಲೇ ಗೆರೆ ಎಳೆಯುತ್ತಿದ್ದೇನೆ.