ಕಂಬಳಿ ಹೊದ್ದ ಮರ

ನಮ್ಮ ಅತ್ತೆ ಮಂಡ್ಯ ಕಡೆಯವರು. ತೆಂಗಿನ ಮರವಿಲ್ಲದ ಮನೆಯನ್ನು ಅವರು ಮನೆಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಪರದೇಶದಲ್ಲಿ, ಬೆರ್ರಿಯೆಸಾದ ಗುಡ್ಡದ ಬುಡಕ್ಕಿರುವ ನಮ್ಮ ಮನೆಗೆ ಮೊದಲ ಸಲ ಬಂದಾಗ, ಇಂಡಿಯನ್ ಗ್ರೋಸರಿಯಲ್ಲಿ ಮೊಳಕೆಯೊಡೆದ ಕಾಯಿಯೊಂದನ್ನು ಹುಡುಕಿ ತಂದು ಹಿತ್ತಲಲ್ಲಿ ನೆಟ್ಟರು. ನಾನು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆಯಲ್ಲಿ ಬೆಳೆದವಳು. ತುಳಸಿ ಬಿಟ್ಟರೆ ನನ್ನ ಕೈಯಲ್ಲಿ ಇನ್ನೇನೂ ಬದುಕಿದ್ದಿಲ್ಲ. ಡಿಸೆಂಬರಿನಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತು. ಕೆಲವು ದಿನ ಬಿಟ್ಟು ಅತ್ತೆ ಗಿಡದ ಸುಳಿಯನ್ನು, ಅಂದರೆ ನಡುವಿನ ಇನ್ನೂ ಬಿಚ್ಚದ ಎಳೆ ಗರಿಯನ್ನು, ಮೆಲ್ಲಗೆ ಎಳೆದರು. ಅದು ಕೊಳೆತು ನಾರುತ್ತ ಕೈಗೇ ಬಂತು.

"ಮುಗೀತು," ಎಂದರು. "ಸುಳಿ ಹೋದ್ಮೇಲೆ ಮರ ಎಲ್ಲಿ? ಈ ಚಳಿ ನನಗೂ ಆಗಲ್ಲ ಕಣಮ್ಮ. ಊರಲ್ಲಿ ಮಗಳ ಮನೇಲಿ ಇರ್ತೀನಿ."

ಹೋಗಿಯೇ ಬಿಟ್ಟರು. ಕಾಡಿ ಬೇಡಿ ಮತ್ತೆ ಕರೆಸಿಕೊಳ್ಳುವಷ್ಟರಲ್ಲಿ ಸಾಕುಬೇಕಾಯಿತು. ಈ ಸಲ ಅವರು ಇಲ್ಲೇ ಉಳಿಯಬೇಕೆಂಬ ಆಸೆ ನನ್ನ ಗಂಡನಿಗಿಂತ ನನಗೇ ಹೆಚ್ಚು. ಅವರಿದ್ದರೆ ಮನೆಯಲ್ಲಿ ಸದ್ದಿರುತ್ತದೆ, ಜಗಳಕ್ಕೆ ನನಗೆ ಸರಿಸಮ ಒಬ್ಬರಿರುತ್ತಾರೆ. ಅವರು ಹೋದ ಮೇಲೆ ಮನೆ ನನಗೆ ಬಿಕೋ ಎನ್ನುತ್ತಿತ್ತು. ಅದಕ್ಕೇ, ಚಳಿ ತಡೆಯುವ ಪಾಮ್ ಮರಗಳೂ ಇವೆ ಎಂದು ಎಲ್ಲೋ ಓದಿದವಳೇ ಅವರನ್ನು ನರ್ಸರಿಗೆ ಕರೆದುಕೊಂಡು ಹೋದೆ. ಗಂಡ ಆಫೀಸಿನ ಮೀಟಿಂಗು ಎಂದು ತಪ್ಪಿಸಿಕೊಂಡ.

ಅಲ್ಲಿ ಉದ್ದ ಗರಿ ಬಾಗಿಸಿಕೊಂಡು ನಿಂತಿದ್ದ ಕ್ವೀನ್ ಪಾಮ್ ಮೇಲೆ ನನ್ನ ಮನಸ್ಸು ಹೋಯಿತು. ಥೇಟ್ ತೆಂಗು. ಅತ್ತೆ ಅದರ ಗರಿಯನ್ನು ಮುಟ್ಟಿ ನೋಡಿ, "ಶೋಕಿಗೆ ಸರಿ," ಎಂದು ಮುಂದೆ ನಡೆದರು. ಅವರು ನಿಂತದ್ದು ವಿಂಡ್‌ಮಿಲ್ ಪಾಮ್ ಮುಂದೆ. ಬೀಸಣಿಗೆಯಂಥ ಎಲೆ, ಕಾಂಡಕ್ಕೆಲ್ಲ ಕಂದು ನಾರು. ಹಿಮ ಬಿದ್ದರೂ ತಡೆಯುತ್ತದೆ ಎಂದು ಚೀಟಿಯಲ್ಲಿದ್ದುದನ್ನು ನಾನು ಓದಿ ಹೇಳಿದೆ.

"ತಡೀದೆ ಏನು, ಕಂಬಳಿ ಹೊದ್ಕೊಂಡೇ ಹುಟ್ಟಿದೆ ನೋಡು."

"ತಾಳೆ ಮರದ ಥರ ಇದೆ ಅತ್ತೆ. ನಿಮಗೆ ತೆಂಗಿನ ಥರದ್ದು ಬೇಡ್ವಾ?"

"ಥರದ್ದು ತಗೊಂಡು ಏನ್ ಮಾಡ್ಲಿ? ಬದುಕೋದು ಬೇಕು. ಇದು ಒಂದು ಚಳಿಗಾಲ ಕಳೀಲಿ. ಇದು ಉಳಿದ್ರೆ ನಾನೂ ಉಳೀತೀನಿ. ಇಲ್ದಿದ್ರೆ ಸಂಕ್ರಾಂತಿ ಆದ್ಮೇಲೆ ಟಿಕೆಟ್ ಮಾಡಿಸಿಬಿಡಿ."

ಹೀಗೆ ನನ್ನ ಆಸೆಯೆಲ್ಲ ಒಂದು ಮರದ ಸುಳಿಗೆ ಬಂದು ನಿಂತಿತು. ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಅತ್ತೆಯೇ ಆರಿಸಿ, ಎದುರು ನಿಂತು ನೆಡಿಸಿದರು.

ಬೇಸಿಗೆ ಕಳೆಯುವ ಹೊತ್ತಿಗೆ ಎಲೆಗಳ ತುದಿ ಸುಟ್ಟ ಹಾಗೆ ಕಂದಾಗತೊಡಗಿತು. ನೀರು ಹೆಚ್ಚಾಯಿತೇ, ಕಡಿಮೆಯಾಯಿತೇ ಎಂದು ತಲೆ ಕೆಡಿಸಿಕೊಂಡೆ. ಗೊಬ್ಬರ ಜಾಸ್ತಿ ಸುರಿದಿದ್ದೀಯ ಎಂದು ಗಂಡನನ್ನು ಬೈದೆ. ಒಂದು ದಿನ ನಿಂಬೆಹಣ್ಣು ಹೆಚ್ಚಿಕೊಂಡು ಉಪ್ಪಿನಕಾಯಿ ಹಾಕಲು ಕೂತರೆ, ತಂದಿಟ್ಟಿದ್ದ ಕಲ್ಲುಪ್ಪು ನಾಪತ್ತೆ.

"ಅದನ್ನ ಗುಂಡಿಗೆ ಹಾಕ್ದೆ," ಎಂದರು ಅತ್ತೆ. "ಗುಂಡಿಗೆ ಉಪ್ಪು ಹಾಕದೆ ತೆಂಗು ನೆಡ್ತಾರಾ?"

"ಇದು ತೆಂಗಲ್ಲ ಅತ್ತೆ. ಬೆಟ್ಟದ ಮರ, ಇದಕ್ಕೆ ಉಪ್ಪು ಆಗಲ್ಲ. ನೀವೇ ಕೈಯಾರೆ ಸಾಯಿಸ್ತಿದ್ದೀರಿ."

ಮಾತು ಹೊರಬಿದ್ದ ಮೇಲೆ ನನಗೇ ಕಸಿವಿಸಿಯಾಯಿತು. ಬೇರೆಯವರಾಗಿದ್ದರೆ ಊಟ ಬಿಟ್ಟು ಕೋಣೆ ಸೇರುತ್ತಿದ್ದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹಂಗಾದ್ರೆ ತೊಳೀಬೇಕು," ಎಂದರು. ಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪೈಪಿನಲ್ಲಿ ಸಣ್ಣಗೆ ನೀರು ಬಿಟ್ಟು, ಅದು ಆಳಕ್ಕಿಳಿದು ಉಪ್ಪನ್ನು ಕೊಚ್ಚಿಕೊಂಡು ಹೋಗುವ ತನಕ ಕೂತರು. ಮಣ್ಣು ಆರಿದ ಮೇಲೆ ಮತ್ತೆ ಹಾಗೇ. ಕೈ ಸುಮ್ಮನಿರಬಾರದಲ್ಲ, ಕಾಂಡದಿಂದ ಸಡಿಲವಾದ ನಾರು ಬಿಡಿಸಿ ತೊಡೆಯ ಮೇಲೆ ಹೊಸೆದು ಹುರಿ ಮಾಡಿದರು. ದೀಪಾವಳಿಗೆ ನಮ್ಮ ಬಾಗಿಲ ತೋರಣ ಕಟ್ಟಿದ್ದು ಅದೇ ಹುರಿಯಲ್ಲಿ. ಅಷ್ಟು ದಿನವೂ ಅವರು ತಪ್ಪಾಯಿತು ಎನ್ನಲಿಲ್ಲ, ನನ್ನದೇನು ತಪ್ಪು ಎಂದೂ ವಾದಿಸಲಿಲ್ಲ. ಕೆಡಿಸಿದ್ದನ್ನು ಕೂತು ಸರಿಮಾಡುವ ಇಂಥ ತಾಳ್ಮೆ ನನಗಂತೂ ಈ ಜನ್ಮದಲ್ಲಿ ಬರುವುದಿಲ್ಲ.

ಡಿಸೆಂಬರಿನಲ್ಲಿ, ಇಬ್ಬನಿ ಹೆಪ್ಪುಗಟ್ಟುವ ಫ್ರಾಸ್ಟ್ ಬೀಳುತ್ತದೆ ಎಂದು ಫೋನು ಎಚ್ಚರಿಸಿದ ಸಂಜೆ ನಾನು ಹಳೇ ಬೆಡ್‌ಶೀಟು ಎತ್ತಿಕೊಂಡು ಹೊರಗೆ ಹೊರಟೆ.

"ಎಲ್ಲಿಗೆ?"

"ಹೊದಿಸಿ ಬರ್ತೀನಿ ಅತ್ತೆ. ಉಪ್ಪು ತಿಂದು ಸುಸ್ತಾಗಿರೋ ಮರ."

"ಮೋಸ ಮಾಡ್ಬೇಡ. ಅದಕ್ಕೆ ಅದರ ಕಂಬಳಿ ಇದೆ."

ಬೆಡ್‌ಶೀಟು ಮಡಚಿಟ್ಟೆ. ಬೆಳಿಗ್ಗೆ ಕಾರಿನ ಗಾಜೆಲ್ಲ ಬೆಳ್ಳಗಾಗಿತ್ತು. ಮರುದಿನವೂ ಅದೇ. ಸುಳಿ ಕೊಳೆಯುವುದು ನಿಧಾನಕ್ಕೆ ಗೊತ್ತಾಗುವುದರಿಂದ ಅತ್ತೆ ಅದನ್ನು ಮುಟ್ಟದೆ ಕಾದರು. ಅವರ ಪೆಟ್ಟಿಗೆ ಮಂಚದ ಕೆಳಗಿನಿಂದ ಗೋಡೆಯ ಪಕ್ಕಕ್ಕೆ ಬಂದಿದ್ದನ್ನು ನಾನು ನೋಡಿಯೂ ನೋಡದ ಹಾಗಿದ್ದೆ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ಶಾಲು ಹೊದ್ದು ಹೊರಗೆ ಹೋದರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಒಂದು ಕೈಯಲ್ಲಿ ಸುಳಿ ಹಿಡಿದು ಎಳೆದರು. ಆಮೇಲೆ ಎರಡೂ ಕೈಯಲ್ಲಿ ಜಗ್ಗಿದರು. ಅದು ಅಲ್ಲಾಡಲಿಲ್ಲ. ನನಗೆ ಅಳು ಬಂತು, ಬರಲಿ ಎಂದು ಬಿಟ್ಟೆ.

ಅವರು ಒಳಗೆ ಬಂದಾಗ ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಅಮ್ಮ, ಟಿಕೆಟ್ ನೋಡ್ಲಾ, ಬೇಡ್ವಾ?" ಎಂದ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಗೇಟಿನ ಹತ್ರ ಇನ್ನೊಂದಕ್ಕೆ ಜಾಗ ಇದೆ. ಗುಂಡಿ ತೆಗೆಸು. ಕಲ್ಲುಪ್ಪು ಮಾತ್ರ ನೀನೇ ಎತ್ತಿಟ್ಕೊಳಮ್ಮ, ನನ್ನ ಕೈಗೆ ಸಿಗೋ ಕಡೆ ಬೇಡ."